ಇದ್ದ ಹಾಗೇ ಇರಿ

ತನ್ನ ಮನೆಯ ಬಾಗಿಲನ್ನು ತಾನೇ ತೆರೆದು ಒಳಗೆ ಬರುವಷ್ಟರಲ್ಲಿ ಒಬ್ಬ ಮನುಷ್ಯ ಇಷ್ಟೊಂದು ತಪ್ಪು ಮಾಡಬಲ್ಲನೆಂದು ಮೇಷ್ಟ್ರಿಗೆ ಆ ಬೆಳಗಿನವರೆಗೆ ತಿಳಿದಿರಲಿಲ್ಲ. ಮೊದಲ ಸಲ ಅವರು ಕ್ಯಾಮೆರಾದ ಕಡೆ ನೋಡಿಬಿಟ್ಟರಂತೆ. ಎರಡನೆಯ ಸಲ ನೋಡಲಿಲ್ಲ, ಆದರೆ ನೋಡಬಾರದೆಂದು ಹಟ ಹಿಡಿದದ್ದು ಕತ್ತಿನಲ್ಲಿ ಕಾಣುತ್ತಿತ್ತಂತೆ. ಮೂರನೆಯ ಸಲ ಕಣ್ಣು, ಕತ್ತು, ಕೈಯಲ್ಲಿದ್ದ ಕೊಡೆ ಎಲ್ಲವೂ ಸರಿಯಿದ್ದವು. ಚಪ್ಪಲಿಗಳನ್ನು ಕಳಚಿ, ಬಗ್ಗಿ, ಎರಡನ್ನೂ ಗೋಡೆಗೆ ಒತ್ತಿ ಜೋಡಿಸಿಟ್ಟು ನೆಟ್ಟಗೆ ನಿಂತರು. ಸೋಫಾದ ಹಿಂದೆ ಮಂಡಿಯೂರಿ ಕೂತಿದ್ದ ನಿರ್ದೇಶಕ ಪಿಸುದನಿಯಲ್ಲಿ, "ಸರ್, ದಿನಾ ಹೀಗೇ ಜೋಡಿಸಿ ಇಡ್ತೀರಾ?" ಎಂದು ಕೇಳಿದ. "ದಿನಾ," ಎಂದರು ಮೇಷ್ಟ್ರು. ಅಡುಗೆಮನೆಯಿಂದ ಒಂದು ಕೆಮ್ಮು ಕೇಳಿಸಿತು. ಇಷ್ಟು ವರ್ಷಗಳ ಸಂಸಾರದಲ್ಲಿ ಹೆಂಡತಿಯ ಕೆಮ್ಮುಗಳಲ್ಲಿ ಗಂಟಲಿನದು ಯಾವುದು, ನಗೆಯದು ಯಾವುದು ಎಂದು ಬೇರ್ಪಡಿಸುವಷ್ಟನ್ನು ಅವರು ಕಲಿತಿದ್ದರು. ಇದು ನಗೆಯದು. ಹಾಗಾದರೆ ದಿನವೂ ಬಾಗಿಲ ಬಳಿ ಶಿಸ್ತಾಗಿ ನಿಂತಿರುವ ಚಪ್ಪಲಿಗಳನ್ನು ಜೋಡಿಸುತ್ತಿದ್ದವರು ಯಾರು? ನೆನಪಿಸಿಕೊಳ್ಳಲು ಪ್ರಯತ್ನಿಸಿದರು. ಕಾಲು ಝಾಡಿಸುವುದು, ಒಂದು ಚಪ್ಪಲಿ ಹೂಕುಂಡದ ಕಡೆ ಹಾರುವುದು, ಇನ್ನೊಂದು ಮಗುಚಿ ಬೀಳುವುದು: ಇದೆಲ್ಲ ಯಾರದೋ ಕಾಲಿನ ನೆನಪಿನ ಹಾಗೆ ಬಂದು ಹೋಯಿತು. ಶಾಲೆಯ ಮೊದಲ ಪಾಠವೇ ಚಪ್ಪಲಿ ಜೋಡಿಸುವುದೆಂದು ತಲೆಮಾರುಗಳ ಮಕ್ಕಳಿಗೆ ಹೇಳಿಕೊಟ್ಟಿದ್ದ ಮೇಷ್ಟ್ರು, ತಾವು ಈಗತಾನೇ ಹೇಳಿದ್ದು ಸುಳ್ಳಲ್ಲ, ತಿಳಿಯದೆ ಆಡಿದ ಮಾತು ಎಂದು ತಮ್ಮೊಳಗೇ ತೀರ್ಪು ಕೊಟ್ಟುಕೊಂಡು ನಾಲ್ಕನೆಯ ಸಲ ಒಳಗೆ ಬರಲು ಹೊರಗೆ ಹೋದರು.

ಕಾರ್ಯಕ್ರಮದ ಹೆಸರೇ 'ಇದ್ದ ಹಾಗೆ'. ವಾರಕ್ಕೊಂದು ಸಾಮಾನ್ಯ ಮನೆ, ಬಣ್ಣವಿಲ್ಲ, ನಟರಿಲ್ಲ, ಬರೆದುಕೊಟ್ಟ ಮಾತಿಲ್ಲ. ಬದುಕು ಹೇಗಿದೆಯೋ ಹಾಗೆ. ಇಂಥದೊಂದು ಪ್ರಾಮಾಣಿಕ ಪ್ರಯತ್ನಕ್ಕೆ ತಮ್ಮ ಮನೆಯನ್ನು ಆರಿಸಿದ್ದರಲ್ಲಿ ಮೇಷ್ಟ್ರಿಗೆ ಆಶ್ಚರ್ಯವೇನೂ ಆಗಿರಲಿಲ್ಲ. ಆ ವಾಹಿನಿಗೆ ಅವರಷ್ಟು ನಿಷ್ಠ ನೋಡುಗ ಇನ್ನೊಬ್ಬನಿರಲಿಲ್ಲ; ತಪ್ಪು ಕಂಡಾಗಲೆಲ್ಲ ಫೋನ್ ಮಾಡಿ ತಿದ್ದುತ್ತಿದ್ದ ಅವರ ದನಿಯನ್ನು ಅಲ್ಲಿನ ಸ್ವಾಗತಕಾರಿಣಿ 'ನಮಸ್ಕಾರ' ಎಂಬ ಮೊದಲ ಪದದಲ್ಲೇ ಗುರುತು ಹಿಡಿದು ಫೋನನ್ನು ಮೇಜಿನ ಮೇಲೆ ಮಲಗಿಸುತ್ತಿದ್ದಳು. ಅವರ ಮನೆಯ ಟಿವಿಯಲ್ಲಿ ಸಾಕ್ಷ್ಯಚಿತ್ರವಲ್ಲದೆ ಬೇರೊಂದು ಬಂದದ್ದಿಲ್ಲ. ಸಂಜೆಯಾದರೆ ಇತಿಹಾಸ, ಪ್ರವಾಸ, ಪ್ರಾಣಿಜಗತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ಒಂದು ಧಾರಾವಾಹಿ ಹಾಕಿಕೊಂಡು ಕೂತಿದ್ದಳು. ತೆರೆಯ ಮೇಲೆ ಯಾವಳೋ ಸೊಸೆ ಬಾಗಿಲಿಗೆ ಒರಗಿ ಅಳುತ್ತಿದ್ದಳು. ಮೇಷ್ಟ್ರು ಎದ್ದು ಹೋಗಿ ಟಿವಿ ಆರಿಸಿ, ಇಲ್ಲದ ಹೆಂಗಸಿಗಾಗಿ ಇರುವ ಹೆಂಗಸು ಅಳುವುದು ಬುದ್ಧಿಗೂ ಕಣ್ಣಿಗೂ ಒಳ್ಳೆಯದಲ್ಲವೆಂದು ಸಮಾಧಾನವಾಗಿಯೇ ಹೇಳಿದ್ದರು. ಅಂದಿನಿಂದ ಅವಳು ಪಾಳುಬಿದ್ದ ಕೋಟೆಗಳನ್ನೂ, ತಿಮಿಂಗಿಲಗಳ ಬೆನ್ನನ್ನೂ, ಹೊಂಚು ಹಾಕುವ ಚಿರತೆಗಳನ್ನೂ ನೋಡುತ್ತ ಬಟ್ಟೆ ಮಡಚುತ್ತಿದ್ದಳು. ಅವಳ ತಾಯಿ, ಅಂದರೆ ಮೇಷ್ಟ್ರ ಅತ್ತೆ, ಬಂದಾಗಲೆಲ್ಲ ಎರಡು ದಿನ ಸಹಿಸಿಕೊಂಡು ಮೂರನೆಯ ದಿನ, "ನಾನಿನ್ನು ಹೊರಡ್ತೀನಮ್ಮಾ, ನಿಮ್ಮ ಮನೇಲಿ ದಿನಾ ಯಾರನ್ನಾದ್ರೂ ಯಾರಾದ್ರೂ ತಿಂತಾನೇ ಇರ್ತಾರೆ" ಎಂದು ಚೀಲ ಕಟ್ಟುತ್ತಿದ್ದರು. ಈ ಸಲ ಮಾತ್ರ ಹೊಸ ಬಟ್ಟೆ ತೊಟ್ಟು, ಕಿವಿ ಕೇಳಿಸದಿದ್ದರೂ ಕಣ್ಣು ಅರಳಿಸಿಕೊಂಡು, ತಾವಾಗಿ ಬಂದು ಕೂತಿದ್ದರು.

ನಿರ್ದೇಶಕ ಮೊದಲು ಕಾಡಿನಲ್ಲಿದ್ದವನು. ಮೊಸಳೆಗಳ ನಡುವೆ ವರ್ಷಗಟ್ಟಲೆ ಕಳೆದದ್ದರಿಂದ ಜೊತೆಯವರು ಅವನನ್ನು ಮೊಸಳೆ ಸರ್ ಎಂದೇ ಕರೆಯುತ್ತಿದ್ದರು. ಕ್ಯಾಮೆರಾವನ್ನು ತಾನೇ ಹೊರುತ್ತಿದ್ದ; ಎಲೆಯ ಬಣ್ಣದ ಅಂಗಿ, ಮಣ್ಣಿನ ಬಣ್ಣದ ಟೋಪಿ. ಮನುಷ್ಯರ ಮನೆಗಳಿಗೆ ವರ್ಗವಾಗಿ ಬಂದ ಮೇಲೂ ಅವನ ಅಭ್ಯಾಸಗಳು ಬಿಟ್ಟಿರಲಿಲ್ಲ. ಎದೆಯ ಮೇಲೆ ತೆವಳಿಕೊಂಡು ಮಂಚದ ಕೆಳಗೆ ಸೇರುತ್ತಿದ್ದ. ಅಡುಗೆಮನೆಗೆ ಹೋಗುವ ಮುನ್ನ ಬೆರಳು ಒದ್ದೆ ಮಾಡಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ನೋಡಿದ. ಆಗಾಗ ಒಂದು ಪುಟ್ಟ ಯಂತ್ರವನ್ನು ತುಟಿಯ ಹತ್ತಿರ ತಂದು, "ಗಂಡು ಮರಳಿದೆ... ಹೆಣ್ಣು ಇನ್ನೂ ಒಳಗೇ ಇದೆ... ಮುದಿ ಹೆಣ್ಣು ಮೂಲೆಯಲ್ಲಿ ಎಚ್ಚರವಾಗಿದೆ..." ಎಂದು ಉಸುರುತ್ತಿದ್ದ. ಮೇಷ್ಟ್ರಿಗೆ ಮೈ ಉರಿಯಿತು. ವಿದ್ಯಾವಂತನೊಬ್ಬನನ್ನು, ಅದೂ ಅವನದೇ ಮನೆಯಲ್ಲಿ, 'ಮರಳಿದೆ' ಎನ್ನುವುದೇ! ನಿರ್ದೇಶಕನ ನಿಯಮ ಒಂದೇ: ತಾವು ಅಲ್ಲಿಲ್ಲವೆಂದೇ ಮನೆಯವರು ತಿಳಿಯಬೇಕು, ಏನೇ ನಡೆದರೂ ತಾವು ಕೈಹಾಕುವುದಿಲ್ಲ, ಇದ್ದ ಹಾಗೇ ಇರಬೇಕು. ಅವನ ಜೊತೆಗಿದ್ದದ್ದು ಶಬ್ದ ಹಿಡಿಯುವವನೊಬ್ಬನೇ. ದೊಡ್ಡ ಕರಿಯ ಹೆಡ್‌ಫೋನು ತೊಟ್ಟು, ಕಂಡ ಬಿಸ್ಕತ್ತನ್ನೆಲ್ಲ ತಿನ್ನುತ್ತಿದ್ದ ಆಸಾಮಿ. ಅವನು ಮನೆಯ ಮೂವರ ಎದೆಗೂ ಗುಂಡಿಯ ಗಾತ್ರದ ಮೈಕು ಸಿಕ್ಕಿಸಿದ್ದ. ಬೆಳಗಿನ ಚಹಾದ ಹೊತ್ತಿಗೆ ಮೇಷ್ಟ್ರು ಅವನೊಡನೆ ತಮಗೆ ಅತ್ಯಂತ ಪ್ರಿಯವಾದ ಚಿತ್ರದ ಮಾತು ತೆಗೆದಿದ್ದರು: ಮೊಸಳೆಯ ಮೊಟ್ಟೆಗಳು ಮರಳಿನೊಳಗೆ ಚಟ್‌ ಚಟ್‌ ಎಂದು ಬಿರಿಯುವುದು, ತಾಯಿ ಅದನ್ನು ಕೇಳಿ ಓಡಿ ಬರುವುದು, ಮರಿಗಳನ್ನು ಹಲ್ಲು ತಾಗದಂತೆ ಬಾಯಲ್ಲಿ ಹೊತ್ತು ನೀರಿಗೆ ಬಿಡುವುದು. ಪ್ರತಿ ವರ್ಷ ತರಗತಿಯಲ್ಲಿ ಅದನ್ನು ತೋರಿಸಿ, ಹಲ್ಲಿದ್ದವರು ಹೇಗೆ ಬಾಳಬೇಕೆಂಬುದನ್ನು ಅವರು ಬೋಧಿಸುತ್ತಿದ್ದರು. ಆ ಚಟ್‌ ಚಟ್‌ ಬರುವಾಗ ಮಕ್ಕಳೆಲ್ಲ ಕಣ್ಣು ಮುಚ್ಚಿಕೊಳ್ಳಬೇಕೆಂಬ ಕಟ್ಟಳೆಯಿತ್ತು. ಶಬ್ದದವನು ಸಂತೋಷದಿಂದ, "ಅದು ನಾನೇ ಮಾಡಿದ್ದು ಸರ್" ಎಂದು ತಟ್ಟೆಯಲ್ಲಿದ್ದ ಬಿಸ್ಕತ್ತೊಂದನ್ನು ಮೈಕಿನ ಹತ್ತಿರ ಹಿಡಿದು ಮುರಿದ. ಚಟ್. ಅದೇ ಸದ್ದು. ಮೇಷ್ಟ್ರ ಕಣ್ಣು ಅಭ್ಯಾಸಬಲದಿಂದ ಮುಚ್ಚಿಕೊಂಡಿತು. ತೆರೆದಾಗ ಅವನು ಆ ಮರಿಯನ್ನು ಚಹಾದಲ್ಲಿ ಅದ್ದುತ್ತಿದ್ದ.

ಇದೇ ಕಾರಣವಿರಬೇಕು. ಮುಂದೆ ನಡೆದದ್ದಕ್ಕೆ ಕಾರಣ ಹುಡುಕುವಾಗಲೆಲ್ಲ ಮೇಷ್ಟ್ರ ಮನಸ್ಸು ಆ ಬಿಸ್ಕತ್ತಿನ ಹತ್ತಿರ ಹೋಗಿ ನಿಲ್ಲುತ್ತಿತ್ತು. ಇಲ್ಲದಿದ್ದರೆ ಅವರು ಹಾಗೆ ಮಾತಾಡುವ ಮನುಷ್ಯರೇ? ಗಂಡಹೆಂಡಿರನ್ನು ಸೋಫಾದಲ್ಲಿ ಅಕ್ಕಪಕ್ಕ ಕೂರಿಸಿ ಮೊಸಳೆ ಸರ್ ಮೊದಲ ಪ್ರಶ್ನೆಯನ್ನು ಅವಳಿಗೇ ಕೇಳಿದ. "ಮೇಡಂ, ನೀವು ನೋಡಿರೋದ್ರಲ್ಲಿ ನಿಮಗೆ ತುಂಬಾ ಇಷ್ಟವಾದದ್ದು ಯಾವುದು?" ಯಾರೂ ಕೇಳದ ಪ್ರಶ್ನೆಯಾದ್ದರಿಂದ ಉತ್ತರವನ್ನು ಎಲ್ಲಿಟ್ಟಿದ್ದೇನೆಂದು ಹುಡುಕುವವಳಂತೆ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ಮುಖ ಎತ್ತಿ, "ಆ ಪೆಂಗ್ವಿನ್‌ದು," ಎಂದಳು. "ಗಂಡು ಪೆಂಗ್ವಿನ್ ಮೊಟ್ಟೆ ಇಟ್ಕೊಂಡು ನಿಂತಿರುತ್ತಲ್ಲ, ಹಿಮ ಬೀಳ್ತಾ ಇರುತ್ತೆ, ಊಟ ಇಲ್ಲ ಏನಿಲ್ಲ, ಆದ್ರೂ ಅದು—" "ಇಟ್ಕೊಂಡು ಅಂದ್ರೆ ಏನರ್ಥ?" ಎಂದರು ಮೇಷ್ಟ್ರು. "ಪಾದದ ಮೇಲೆ. ಹೊಟ್ಟೆಯ ಮಡಿಕೆಯ ಕೆಳಗೆ. ನೀವು ನನ್ನನ್ನ ಕೇಳಿ, ಅವಳಿಗೇನು ಗೊತ್ತಾಗುತ್ತೆ? ಅವಳು ಅರ್ಧ ಹೊತ್ತು ತೂಕಡಿಸ್ತಾ ಇರ್ತಾಳೆ." ಹೀಗೆ ಹೇಳಿ ಸಣ್ಣಗೆ ನಕ್ಕರು ಕೂಡ. ಮೊಸಳೆ ಸರ್ ಕ್ಯಾಮೆರಾ ಅಲುಗಾಡಿಸಲಿಲ್ಲ. ಹೆಂಡತಿ ಎದೆಯ ಮೇಲಿದ್ದ ಮೈಕನ್ನು ಬಿಚ್ಚಿ, ಯಾರದೋ ವಸ್ತುವನ್ನು ಹಿಂದಿರುಗಿಸುವಂತೆ ಮೇಜಿನ ಮೇಲಿಟ್ಟು, "ಹಾಲು ಒಲೆ ಮೇಲಿಟ್ಟು ಬಂದಿದ್ದೆ" ಎಂದು ಎದ್ದು ಹೋದಳು. ಮೇಷ್ಟ್ರು ಪೆಂಗ್ವಿನ್‌ಗಳ ಬಗ್ಗೆ ಹೇಳತೊಡಗಿದರು. ಅವು ಗುಂಪುಗಟ್ಟುವ ರೀತಿ, ಗಾಳಿಗೆ ಬೆನ್ನು ಕೊಡುವ ಸರದಿ ಎಲ್ಲವನ್ನೂ ಸುಸಂಬದ್ಧವಾಗಿ ವಿವರಿಸಿದರು. ವಿವರಿಸುತ್ತಿರುವಾಗಲೇ ಅವರ ದನಿ ಅವರಿಗೇ ದೂರದ ಕೋಣೆಯಿಂದ ಬರುವ ಪಾಠದ ಹಾಗೆ ಕೇಳತೊಡಗಿತು. ಆ ಪೆಂಗ್ವಿನ್ ಚಿತ್ರ ಬಂದ ದಿನ ಅವಳು ಅಂಗಿಯೊಂದನ್ನು ಅರ್ಧ ಮಡಚಿ ಕೈಯಲ್ಲೇ ಹಿಡಿದು ಕೊನೆಯವರೆಗೆ ಕೂತಿದ್ದಳು. ಅಂಗಿ ಅವರದೇ. ಕುತ್ತಿಗೆಯ ಪಟ್ಟಿ ತೂಗಾಡುತ್ತಿತ್ತು. ತೂಕಡಿಸಿದ್ದು ಅವರು. ಎಚ್ಚರವಾದಾಗ ಚಿತ್ರ ಮುಗಿದು, ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು. 'ಇರುವ' ಪ್ರಾಣಿಗಾಗಿ ಅಳುವುದಕ್ಕೆ ಅಡ್ಡಿಯಿಲ್ಲವೆಂದು ಅವರು ಸುಮ್ಮನಿದ್ದರು. ಆದ್ರೂ ಅದು— ಅದು ಏನು? ಅವಳು ಹೇಳಹೊರಟಿದ್ದದ್ದು ಏನು? ಇಷ್ಟು ವರ್ಷ ಎಲ್ಲ ಪ್ರಾಣಿಗಳ ಬಗೆಗೂ ಕುತೂಹಲ ತಾಳಿದ ತಮಗೆ ಈ ಒಂದು ವಾಕ್ಯದ ಉಳಿದರ್ಧ ತಿಳಿಯದೆಂಬುದು ಅವರ ಎದೆಯಲ್ಲಿ ಮುಳ್ಳಿನಂತೆ ಚುಚ್ಚಿತು. "ಸರ್, ಬ್ಯಾಟರಿ ಹೋಯ್ತು, ಒಂದ್ನಿಮಿಷ" ಎಂದ ಮೊಸಳೆ ಸರ್. ಮೇಷ್ಟ್ರು ಎದ್ದರು.

ಅಡುಗೆಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು, ಗೋಡೆಯ ಫ್ಯಾನು ಗರಗುಟ್ಟುತ್ತಿತ್ತು. ಅವಳು ಒಲೆಗೆ ಬೆನ್ನು ಮಾಡಿ ಕಿಟಕಿಯ ಆಚೆ ಏನನ್ನೋ ನೋಡುತ್ತ ನಿಂತಿದ್ದಳು. ಆಚೆ ಪಕ್ಕದ ಮನೆಯ ಗೋಡೆ, ಮುಚ್ಚಿದ ಕಿಟಕಿ ಬಿಟ್ಟರೆ ಏನೂ ಇರಲಿಲ್ಲ. ಅವಳ ಹಿಂದಲೆಯಲ್ಲಿ ಕೂದಲಿನ ಗಂಟು ಒಂದು ಕಡೆಗೆ ಜಾರಿತ್ತು. ಇದನ್ನು ಇವತ್ತೇ ಮೊದಲು ನೋಡುತ್ತಿದ್ದೇನೆಯೇ ಎಂದುಕೊಂಡರು. ಶಾಲೆಯಲ್ಲಿ ಒಮ್ಮೆ ಒಬ್ಬ ಹುಡುಗಿ ಭೂಗೋಳದ ಗುಂಡನ್ನು ಬೀಳಿಸಿ ಧ್ರುವಪ್ರದೇಶ ನಜ್ಜುಗುಜ್ಜಾಗಿತ್ತು, ತಪ್ಪಾಯಿತು ಅಂದಳು, ಮನಸ್ಸಿನಿಂದ ಹೇಳು ಅಂದರು, ಮತ್ತೆ ಹೇಳಿದಳು, ಮನಸ್ಸಿನಿಂದ, ಅಂದರು, ಬತ್ತಿದ ನಲ್ಲಿಯಂತೆ ದನಿ ಅಡಗಿ ಬರಿಯ ಗಾಳಿ ಬರುವವರೆಗೆ ಹೇಳಿಸಿ, ಈಗ ಮನಸ್ಸಿನಿಂದ ಬಂತು ಎಂದು ಕೂರಿಸಿದ್ದರು. ಅದೇಕೆ ಈಗ ನೆನಪಾಗಬೇಕು? ಪಾತ್ರೆಯಲ್ಲಿ ಹಾಲು ಕೆನೆಯನ್ನು ಎತ್ತಿಕೊಂಡು ಮೇಲೇಳುತ್ತಿತ್ತು. ಮೇಷ್ಟ್ರ ಗಂಟಲಿನಲ್ಲೂ ಏನೋ ಎದ್ದಿತು. ಅವರು ಅದನ್ನು ರಚಿಸಿರಲಿಲ್ಲ, ಜೋಡಿಸಿರಲಿಲ್ಲ. ಬೇರೆ ಯಾರದೋ ಬಾಯಿಂದೆಂಬಂತೆ ಅದು ಹೊರಬಿತ್ತು. "ತಪ್ಪಾಯ್ತು ಕಣೇ. ಹಾಗನ್ನಬಾರದಿತ್ತು." ಅದೇ ಕ್ಷಣಕ್ಕೆ ಹಾಲು ಸೊರ್ರೆಂದು ಒಲೆಯ ಮೇಲೆ ಸುರಿಯಿತು. ಅವಳು ತಿರುಗಿ, "ಅಯ್ಯೋ ಹಾಲು!" ಎಂದು ಒಲೆ ಆರಿಸಿ, ನಲ್ಲಿ ನಿಲ್ಲಿಸಿ, "ಏನೋ ಅಂದ್ರಾ?" ಎಂದಳು. ಇನ್ನೊಮ್ಮೆ ಹೇಳಿಬಿಡಬಹುದಿತ್ತು. ಹೇಳಲು ಬಾಯಿ ತೆರೆದರು ಕೂಡ. ಆದರೆ ಅವಳ ಕಣ್ಣು ನೇರವಾಗಿ ಅವರ ಮೇಲಿತ್ತು, ಕೈಯಲ್ಲಿ ಮಸಿಬಟ್ಟೆಯಿತ್ತು. ಜೀವಮಾನವೆಲ್ಲ ಸತ್ಯಕ್ಕಾಗಿ ಹೋರಾಡಿದ ಆ ಬಾಯಿ, "ಹಾಲು ಉಕ್ತಿದೆ ಅಂದೆ," ಎಂದಿತು. "ಉಕ್ಕಿದ ಮೇಲೆ ಹೇಳೋದಾ ಅದನ್ನ?" ಎಂದು ಅವಳು ಒಲೆ ಒರೆಸತೊಡಗಿದಳು.

ಅಷ್ಟರಲ್ಲಿ ಮೊಸಳೆ ಸರ್ ಕ್ಯಾಮೆರಾ ಹೆಗಲಿಗೇರಿಸಿ ಬಾಗಿಲಲ್ಲಿ ನುಸುಳಿ, ಒಲೆಯಿಂದ ನೆಲಕ್ಕೆ ತೊಟ್ಟಿಕ್ಕುತ್ತಿದ್ದ ಹಾಲನ್ನು ಹತ್ತಿರದಿಂದ ಹಿಡಿಯುತ್ತಿದ್ದ. ಹಿಂದೆಯೇ ಬಂದ ಅತ್ತೆ, "ಎತ್ತಿ ಇಡಬಾರ್ದೇನಪ್ಪಾ ಆ ಪಾತ್ರೇನ? ನೋಡ್ತಾ ನಿಂತಿದ್ದೀಯಲ್ಲ!" ಎಂದು ಗದರಿದರು. "ಅಜ್ಜೀ, ನಾವು ಕೈಹಾಕೋ ಹಾಗಿಲ್ಲ. ಹುಲಿ ಜಿಂಕೆ ಹಿಡಿದಾಗ್ಲೂ ಹಾಕಿಲ್ಲ," ಎಂದು ಪಿಸುಗುಟ್ಟಿದ. ಅವರಿಗೆ ಹೇಗೋ ಅದೊಂದು ಕೇಳಿಸಿತು. "ಜಿಂಕೆ ಮೇಲಿನ ಸಿಟ್ಟಿಗೆ ನನ್ನ ಮಗಳ ಹಾಲು ಚೆಲ್ತೀಯಾ?" ಇಷ್ಟೆಲ್ಲದರ ನಡುವೆ ನಡುಮನೆಯ ಬಾಗಿಲಿಗೆ ಒರಗಿಕೊಂಡು ಶಬ್ದದವನು ಅರ್ಧ ಬಿಸ್ಕತ್ತು ಹಿಡಿದು ನಿಂತಿದ್ದ. ಕಣ್ಣು ತುಂಬಿತ್ತು. "ಸರ್," ಎಂದ ಮೇಷ್ಟ್ರಿಗೆ. "ನಮ್ಮಪ್ಪ ಒಂದ್ಸಲಾನೂ ನಮ್ಮಮ್ಮನಿಗೆ ಹಾಗಂದಿಲ್ಲ ಸರ್." ಮೇಷ್ಟ್ರ ಕೈ ಎದೆಯ ಮೇಲಿನ ಗುಂಡಿಯಂಥ ಮೈಕಿಗೆ ಹೋಯಿತು. ಅದು ಅಲ್ಲೇ ಇತ್ತು. ಇಡೀ ಜಗತ್ತಿನಲ್ಲಿ ಅವರ ತಪ್ಪೊಪ್ಪಿಗೆಯನ್ನು ಕೇಳಿದ್ದು ಈ ಬಿಸ್ಕತ್ತಿನ ಮನುಷ್ಯನೊಬ್ಬನೇ. "ಏನಂದ್ರು?" ಎಂದಳು ಹೆಂಡತಿ, ಒರೆಸುವುದನ್ನು ನಿಲ್ಲಿಸಿ. "ಕ್ಷಮೆ ಕೇಳಿದ್ರಲ್ಲ ಮೇಡಂ, ಈಗ ತಾನೇ." "ಯಾರು? ಇವರಾ?" ಅವಳ ದನಿಯಲ್ಲಿ ಕೋಪಕ್ಕಿಂತ ವೈಜ್ಞಾನಿಕ ಸಂದೇಹವೇ ಹೆಚ್ಚಾಗಿತ್ತು. "ಹಾಲು ಉಕ್ತಿದೆ ಅಂದೆ ಅಂದ್ರು!" ಎಲ್ಲರೂ ಮೇಷ್ಟ್ರನ್ನು ನೋಡಿದರು. ಕ್ಯಾಮೆರಾ ಕೂಡ ನೋಡಿತು. ಮೇಷ್ಟ್ರು ಫ್ಯಾನನ್ನು ನೋಡಿದರು.

ಮೊಸಳೆ ಸರ್‌ಗೆ ಆದ ಸಂಕಟವನ್ನು ವರ್ಣಿಸಲಾಗದು. ಮರಿಗಳು ಮೊಟ್ಟೆಯೊಡೆದು ಹೊರಬರುವ ದೃಶ್ಯ ಕೆಲವೇ ಕ್ಷಣಗಳಲ್ಲಿ ಕೈತಪ್ಪಿದವನಂತೆ ಟೋಪಿ ತೆಗೆದು ನೆಲಕ್ಕೆ ಒಗೆದ. ಆಮೇಲೆ ಎತ್ತಿಕೊಂಡು, "ಸರ್, ಇನ್ನೊಂದು ಸಲ. ಹೇಗೆ ಅಂದ್ರೋ ಹಾಗೇ. ಇದ್ದ ಹಾಗೇ ಇರಿ" ಎಂದ. ಹಾಲು ಮುಗಿದಿತ್ತು. ಪಾತ್ರೆಗೆ ನೀರು ಹೊಯ್ದು ಹಿಟ್ಟು ಕದಡಿ ಒಲೆಯ ಮೇಲೆ ಇಡಲಾಯಿತು. ಹಿಟ್ಟಿನ ನೀರು ಉಕ್ಕುವುದಕ್ಕೆ ಸರಿಯಾಗಿ ಮನುಷ್ಯನೊಬ್ಬ ಪಶ್ಚಾತ್ತಾಪ ಪಡಬೇಕೆಂಬುದು ಯಾವ ಧರ್ಮ, ಯಾವ ನ್ಯಾಯ? ಮೇಷ್ಟ್ರು ಹಾಗೆ ಕೇಳಬಹುದಿತ್ತು. ಆದರೆ ಹೆಂಡತಿ ಕೈಕಟ್ಟಿಕೊಂಡು ಕಿಟಕಿಗೆ ಒರಗಿ, ಪರೀಕ್ಷಾ ಮಂಡಳಿಯ ಸದಸ್ಯೆಯಂತೆ ನಿಂತಿದ್ದಳು; ಅವಳ ಕಿವಿಗೆ ಆ ಮಾತು ಬೀಳುವ ದಾರಿ ಇದೊಂದೇ ಉಳಿದಿತ್ತು. ಹೇಳಿದರು. ಅದು ಪದ್ಯದ ಕಂಠಪಾಠದಂತೆ ಬಂತು. ಮತ್ತೆ ಹೇಳಿದರು, ಪ್ರಾರ್ಥನೆಯ ವೇಳೆ ಪ್ರಕಟಣೆ ಓದಿದಂತಾಯಿತು. "ಏನಂತೆ?" ಎಂದು ಅತ್ತೆ ಕೇಳಿದ್ದರಿಂದ ಮೂರನೆಯ ಸಲ ಗಟ್ಟಿಯಾಗಿ ಹೇಳಬೇಕಾಯಿತು, ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. "ಅಳಿಯಂದಿರೇ, ಸ್ವಲ್ಪ ತಲೆ ತಗ್ಗಿಸಿ ಹೇಳಿ ನೋಡೋಣ," ಎಂದರು ಅತ್ತೆ. ತಗ್ಗಿಸಿ ಹೇಳಿದರು. "ಇದು ಪರವಾಗಿಲ್ಲ," ಎಂದಳು ಹೆಂಡತಿ, "ಆದ್ರೆ ಯಾರಿಗೆ ಹೇಳಿದ್ರಿ, ಪಾತ್ರೆಗಾ?" ಶಬ್ದದವನು ಮೊದಲಿನದರಲ್ಲಿ 'ಕಣೇ' ಎಂಬಲ್ಲಿ ಉಸಿರು ಒಡೆದಿತ್ತೆಂದು ನೆನಪಿಸಿದ. ಮೇಷ್ಟ್ರು ಉಸಿರು ಒಡೆಯಲು ಹೋಗಿ ಬಿಕ್ಕಳಿಸಿದರು. ಬಿಕ್ಕಳಿಕೆ ನಿಲ್ಲಲಿಲ್ಲ. ನೀರು ಕುಡಿಸಿದರು. ಭೂಗೋಳ ಬೀಳಿಸಿದ ಆ ಹುಡುಗಿ ಈಗ ಯಾವ ಊರಿನಲ್ಲಿದ್ದಾಳೋ; ಇದ್ದಲ್ಲಿಂದ ಬಂದು ಅವಳೂ ಕಿಟಕಿಯ ಪಕ್ಕ ನಿಂತು, ಮನಸ್ಸಿನಿಂದ ಸಾರ್, ಎನ್ನುತ್ತಿರುವಂತೆ ತೋರಿತು.

"ಸಾಕು!" ಎಂದರು ಮೇಷ್ಟ್ರು. ಬಿಕ್ಕಳಿಕೆಯ ನಡುವೆಯೇ ಅವರ ದನಿಗೆ ತರಗತಿಯ ಗಾಂಭೀರ್ಯ ಮರಳಿತು. "ನಾನಿನ್ನು ಹೇಳೋದಿಲ್ಲ. ಸತ್ಯವನ್ನ ಎರಡನೇ ಸಲ ಹೇಳಿಸಿದ್ರೆ ಅದು ನಾಟಕ. ನೀವು ಮೊಟ್ಟೆ ಬದಲು ಬಿಸ್ಕತ್ತು ಮುರಿದವರು, ಹಾಲು ಬದಲು ಹಿಟ್ಟು ಕುದಿಸಿದವರು. ನನ್ನ ಬದಲು ನನ್ನನ್ನೇ ನಿಲ್ಲಿಸೋಕೆ ಬಂದಿದ್ದೀರಿ. ನಾನು ಒಂದು ಸಲ ಹೇಳಿದ್ದೇನೆ. ಅಷ್ಟೇ ಸತ್ಯ." ಮಾತು ಚೆನ್ನಾಗಿತ್ತು; ಅದು ಅವರಿಗೂ ಗೊತ್ತಾಯಿತು. ಹೆಂಡತಿ ಮಾತ್ರ, "ಯಾರಿಗೆ ಹೇಳಿದ್ರಿ?" ಎಂದಳು. ಮೆಲ್ಲಗೆ. "ನನಗೆ ಕೇಳಿಸ್ಲಿಲ್ಲ. ಕೇಳಿದಾಗ ಬೇರೇನೋ ಹೇಳಿದ್ರಿ. ಈಗ ಭಾಷಣ ಮಾಡ್ತಿದ್ದೀರಿ. ನೋಡಿ, ಆಗ ನಾನು ಹೇಳೋಕೆ ಹೋಗಿದ್ದು ಅದೇನೇ. ಆ ಗಂಡು ಪೆಂಗ್ವಿನ್ ಅಷ್ಟು ಹಿಮದಲ್ಲಿ ನಿಂತಿರುತ್ತೆ, ಊಟ ಇಲ್ಲ, ಆದ್ರೂ ಅದು ಒಂದೇ ಒಂದು ಮಾತಾಡೋದಿಲ್ಲ. ಅದಕ್ಕೇ ನನಗೆ ಅದು ಇಷ್ಟ." ಅತ್ತೆಗೆ ಇದು ಪೂರ್ತಿ ಕೇಳಿಸಿ, ಮೈಯೆಲ್ಲ ಅಲುಗುವಷ್ಟು ನಕ್ಕರು. ಮೊಸಳೆ ಸರ್ ಬಾಯಿಗೆ ಟೋಪಿ ಅಡ್ಡ ಹಿಡಿದ. ಮೇಷ್ಟ್ರ ಬಿಕ್ಕಳಿಕೆ ನಿಂತಿತು.

ಕಿಟಕಿಯ ಬೆಳಕು ಸರಿದುಹೋದದ್ದರಿಂದ ಇನ್ನು ಚಿತ್ರ ತೆಗೆಯುವಂತಿರಲಿಲ್ಲ. ಸುರುಳಿ ಸುತ್ತಿದ ತಂತಿಗಳು ಚೀಲ ಸೇರಿದವು. "ಆ ಮೊದಲನೇದು ಕೆಲಸಕ್ಕೆ ಬರುತ್ತಾ?" ಎಂದು ಮೊಸಳೆ ಸರ್ ಕೇಳಿದ್ದು ಮೇಷ್ಟ್ರ ಕಿವಿಗೆ ಬಿತ್ತು. "ಇಲ್ಲ ಸರ್. ನಲ್ಲಿ, ಫ್ಯಾನು, ಹಾಲು. ಗಮನ ಇಟ್ಟು ಕೇಳಿದ್ರೆ ಮಾತ್ರ ಗೊತ್ತಾಗುತ್ತೆ. ಅಳಿಸಿಬಿಡ್ತೀನಿ." "ಅಳಿಸು. ಕೋಣೆ ಮೌನ ತಗೊಂಡುಬಿಡು, ಹೊರಡೋಣ." ಮೌನವನ್ನು ತೆಗೆದುಕೊಂಡು ಹೋಗುವುದೆಂದರೇನೆಂದು ಮೇಷ್ಟ್ರು ಅರ್ಥವಾಗದೆ ನಿಂತಿರಲು, ಶಬ್ದದವನು ಕೊನೆಯ ಬಿಸ್ಕತ್ತನ್ನು ನುಂಗಿ ವಿವರಿಸಿದ: ಪ್ರತಿ ಕೋಣೆಯ ಮೌನ ಬೇರೆಬೇರೆ, ಮಾತು ಕತ್ತರಿಸಿದ ಜಾಗದಲ್ಲಿ ಆ ಕೋಣೆಯದೇ ಮೌನವನ್ನು ತುಂಬಬೇಕು, ಬೇರೆಯದು ಹಾಕಿದರೆ ಕಿವಿಗೆ ಗೊತ್ತಾಗುತ್ತದೆ, ಅದಕ್ಕೆ ಎಲ್ಲರೂ ಅವರವರು ನಿಂತಲ್ಲೇ ಒಂದಷ್ಟು ಹೊತ್ತು ಅಲುಗಾಡದೆ ಇರಬೇಕು. ಹೆಡ್‌ಫೋನನ್ನು ಒತ್ತಿಕೊಂಡು, ಫ್ಯಾನು ಆರಿಸಿ, ಕೈ ಎತ್ತಿದ. ಅಡುಗೆಮನೆ ನಿಂತುಹೋಯಿತು. ಮೇಷ್ಟ್ರು ತಮ್ಮ ಮನೆಯಲ್ಲಿ ಮೌನವಿದ್ದೀತೆಂದು ಎಂದೂ ಯೋಚಿಸಿರಲಿಲ್ಲ. ಅದು ಇತ್ತು. ಬಿಸಿಯಾಗಿದ್ದ ಒಲೆ ತಣಿಯುತ್ತ ಟಿಕ್ ಎನ್ನುವುದು, ನಲ್ಲಿಯ ಬಾಯಲ್ಲಿ ಹನಿಯೊಂದು ಬೀಳಲೋ ಬೇಡವೋ ಎಂದು ತೂಗುವುದು, ಅತ್ತೆಯ ಮೂಗಿನ ಸಣ್ಣ ಶಿಳ್ಳೆ. ಇಷ್ಟು ವರ್ಷ ಈ ಎಲ್ಲದರ ಮೇಲೂ ಅವರು ಮಾತಾಡಿದ್ದರು. ಎದುರಿಗೆ ಹೆಂಡತಿ ಮಸಿಬಟ್ಟೆ ಹಿಡಿದು ನಿಂತಿದ್ದಳು. ಅವಳ ಕೆನ್ನೆಗೆ ಒಂದು ಹನಿ ಹಿಟ್ಟು ಅಂಟಿ ಒಣಗಿತ್ತು. ಆಗ ಮೇಷ್ಟ್ರಿಗೆ ತಾವು ಹೇಳಬೇಕಾದದ್ದು ಸ್ಪಷ್ಟವಾಗಿ ಗೊತ್ತಾಯಿತು. ಜೀವನದಲ್ಲಿ ಮೊದಲ ಸಲ, ಗೊತ್ತಿದ್ದೂ ಹೇಳುವಂತಿರಲಿಲ್ಲ. ತುಟಿ ಅದುರಿತು. ಶಬ್ದದವನು ಕಣ್ಣು ಬಿಟ್ಟು ಹೆದರಿಸಿದ. ಹೆಂಡತಿ ಆ ಅದುರುವ ತುಟಿಯನ್ನು ನೋಡಿ ಕೆಳದುಟಿಯನ್ನು ಹಲ್ಲಿನಿಂದ ಒತ್ತಿಹಿಡಿದಳು, ಭುಜ ಕುಲುಕಿತು, ಕೆಮ್ಮಲಿಲ್ಲ. ಮೇಷ್ಟ್ರು ಕಾಲುಗಳನ್ನು ಜೋಡಿಸಿ, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಬೀಳುತ್ತಿರುವ ಹಿಮವನ್ನು ತಡೆಯುವವರಂತೆ ನೆಟ್ಟಗೆ ನಿಂತರು.

ಕೈ ಇಳಿಯಿತು. "ಆಯ್ತು," ಎಂದ ಶಬ್ದದವನು. "ನಾನು ಹಾಲು ಉಕ್ತಿದೆ ಅನ್ನಲಿಲ್ಲ," ಎಂದರು ಮೇಷ್ಟ್ರು ಒಂದೇ ಉಸಿರಿಗೆ. "ಹಾಗಂದೆ ಅಂತ ಹೇಳಿದ್ದು ಸುಳ್ಳು. ಚಪ್ಪಲಿ ಜೋಡಿಸ್ತೀನಿ ಅಂದದ್ದೂ ಸುಳ್ಳೇ." ಇದರಲ್ಲಿ ನೀತಿಯೇನೆಂದು ತಾವೇ ಸೇರಿಸುವ ಆಸೆ ಮೇಷ್ಟ್ರ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡರು. ಒಲೆಯ ಮೇಲೆ ಹಾಲೂ ಹಿಟ್ಟೂ ಸೇರಿ ಕರಕಲಾಗಿದ್ದ ಪಾತ್ರೆಯನ್ನು ಎತ್ತಿಕೊಂಡು ಹೋಗಿ, ತೋಳು ಮಡಚಿ, ನಲ್ಲಿಯ ಕೆಳಗೆ ಹಿಡಿದು ಉಜ್ಜತೊಡಗಿದರು. ಹಿಂದಿನಿಂದ ಹೆಂಡತಿಯ ದನಿ: "ಅಳಿಸೋಕೆ ಮುಂಚೆ ಆ ಮೊದಲನೇದನ್ನ ಒಂದ್ಸಲ ಇಲ್ಲಿ ಕೊಡಿ." "ಮೇಡಂ, ತುಂಬಾ ಗಲಾಟೆ ಇದೆ ಅದರಲ್ಲಿ." "ಇರ್ಲಿ ಕೊಡಿ. ಈ ಮನೆ ಗಲಾಟೆ ನನಗೆ ಅಭ್ಯಾಸ ಇದೆ." ಮೇಷ್ಟ್ರ ಕತ್ತು ತಾನಾಗಿ ಹಿಂದಕ್ಕೆ ಹೊರಳಹೊರಟಿತು. "ತಿರುಗಬೇಡಿ ಸರ್!" ಎಂಬ ಪಿಸುಮಾತು ಮೊಣಕಾಲಿನ ಹತ್ತಿರದಿಂದ ಬಂತು. ಮೊಸಳೆ ಸರ್ ಯಾವಾಗಲೋ ಕ್ಯಾಮೆರಾ ಹೊರತೆಗೆದು ಬಚ್ಚಲುಕಟ್ಟೆಯ ಪಕ್ಕ ಬೋರಲು ಮಲಗಿದ್ದ. "ಬೆಳಕು ಸಾಲದಿದ್ರೂ ಪರವಾಗಿಲ್ಲ. ದಯವಿಟ್ಟು, ಇದ್ದ ಹಾಗೇ ಇರಿ." ಇದು ಯಾವ ಶಿಕ್ಷೆ! ಅವಳ ಮುಖ ನೋಡಬೇಕಾದ ಒಂದೇ ಒಂದು ಗಳಿಗೆಯಲ್ಲಿ ಬೆನ್ನು ಹಾಕಿ ನಿಲ್ಲುವುದು. ಮೇಷ್ಟ್ರು ತಿರುಗಲಿಲ್ಲ. ಜೋರಾಗಿ ಉಜ್ಜಿದರು. "ಸರ್, ಸ್ವಲ್ಪ ಮೆಲ್ಲಗೆ," ಎಂದ ಶಬ್ದದವನು, "ಮೇಡಂಗೆ ಕೇಳಿಸ್ತಿಲ್ಲ." ಮೆಲ್ಲಗೆ ಉಜ್ಜಿದರು. "ಹೇಗಿದೆಯೇ?" ಎಂದು ಅತ್ತೆ ಕೂಗಿ ಕೇಳಿದರು. ಪಾತ್ರೆಯ ತಳದಲ್ಲಿ ಒಂದು ಬಿಲ್ಲೆಯಗಲ ಕರಕಲು ಬಿಟ್ಟು ಹೊಳಪು ಕಂಡಿತು. ಆ ಹೊಳಪಿನಲ್ಲಿ, ಅಂಕುಡೊಂಕಾಗಿ, ದೊಡ್ಡ ದುಂಡನೆಯ ಎರಡು ಕರಿಯ ಕಿವಿಗಳಿರುವ ಒಂದು ಜೀವಿ ಕಾಣಿಸಿತು. ಇಷ್ಟು ವರ್ಷ ನೋಡಿದ ಯಾವ ಚಿತ್ರದಲ್ಲೂ ಮೇಷ್ಟ್ರು ಅಂಥದನ್ನು ಕಂಡಿರಲಿಲ್ಲ. ಅದು ಅಲುಗಾಡದೆ, ತಲೆಯನ್ನು ಒಂದು ಕಡೆಗೆ ವಾಲಿಸಿ, ಬಹಳ ದೂರದ್ದೇನನ್ನೋ ಕೇಳಿಸಿಕೊಳ್ಳುತ್ತಿತ್ತು. ಅವರು ಉಜ್ಜುವುದನ್ನು ನಿಲ್ಲಿಸಿ ಉಸಿರು ಬಿಗಿಹಿಡಿದು ನೋಡಿದರು.

"ಸರಿಯಾಗಿ ಕೇಳಿಸ್ಲಿಲ್ಲ," ಎಂದಿತು ಅದು, ಮೂಗೆಳೆದುಕೊಂಡು. "ಇನ್ನೊಂದ್ಸಲ ಹಾಕಿ."